ಕಾಡಿಗೆಯ ಕಣದಲ್ಲಿ 217.5ರ ಉಬ್ಬನ್ನು ಹುಡುಕಿದ್ದು

ನಕ್ಷತ್ರಗಳ ನಡುವಿನ ಧೂಳು ನೇರಳಾತೀತ ಬೆಳಕನ್ನು 217.5 ನ್ಯಾನೊಮೀಟರ್ ತರಂಗಾಂತರದ ಸುತ್ತ ವಿಶೇಷವಾಗಿ ತಡೆಯುತ್ತದೆಯೆಂದು 1965ರಲ್ಲಿ ಥಿಯೊಡೋರ್ ಸ್ಟೆಚರ್ ರಾಕೆಟ್ ವೀಕ್ಷಣೆಯಿಂದ ತೋರಿಸಿದರು. ತಡೆಯ ಪ್ರಮಾಣವನ್ನು ತೋರುವ ನಕ್ಷೆಯಲ್ಲಿ ಇದು ಉಬ್ಬಿನಂತೆ ಕಾಣುತ್ತದೆ. ಈ ಉಬ್ಬಿನ ಅಗಲ ಆಕಾಶದ ದಿಕ್ಕಿನಿಂದ ದಿಕ್ಕಿಗೆ ಬದಲಾದರೂ ಅದರ ನೆತ್ತಿ ಹೆಚ್ಚುಕಡಿಮೆ ಅಲ್ಲಿಯೇ ನಿಲ್ಲುತ್ತದೆ. ಎಂ.ಎಸ್ಸಿ. ಪ್ರಾಜೆಕ್ಟಿಗೆ ನಾನು ಈ ವಿಷಯವನ್ನು ಆರಿಸಿಕೊಂಡದ್ದು ಅದಕ್ಕಾಗಿ.

ಈ ಉಬ್ಬಿಗೆ ಧೂಳಿನಲ್ಲಿರುವ ಇಂಗಾಲದ ಕಣಗಳು ಕಾರಣವಿರಬಹುದೆಂಬ ಊಹೆಯಿದೆ. ಅಂಥ ಕಣಗಳನ್ನು ಪರೀಕ್ಷಿಸಲು ದೊಡ್ಡ ಪ್ರಯೋಗಾಲಯಗಳಲ್ಲಿ ಕಡಿಮೆ ಒತ್ತಡದ ಆರ್ಗಾನ್ ಅಥವಾ ಹೈಡ್ರೋಜನ್ ಅನಿಲದಲ್ಲಿ ಇಂಗಾಲದ ಕಡ್ಡಿಗಳ ನಡುವೆ ವಿದ್ಯುತ್ ಚಾಪ ಹೊತ್ತಿಸಿ ಕಣಗಳನ್ನು ಪಡೆಯುತ್ತಾರೆ. ನನಗೆ ದೊರೆತದ್ದು ಬದಿಯಡ್ಕದ ಮನೆಯ ತೆಂಗಿನೆಣ್ಣೆ ದೀಪ. ಮೊದಲು ಸಾಮಾನ್ಯ ಗಾಜಿನ ಸ್ಲೈಡಿಗೆ ಮಸಿ ಹಿಡಿಸಿದೆ. ಗಾಜು ತಾನೇ ಸುಮಾರು 300 ನ್ಯಾನೊಮೀಟರಿಗಿಂತ ಕೆಳಗಿನ ಬೆಳಕನ್ನು ನುಂಗುವುದರಿಂದ ಒಂದು ವಾರದ ಕೆಲಸ ವ್ಯರ್ಥವಾಯಿತು. ಕ್ವಾರ್ಟ್ಜ್ ತಟ್ಟೆಗಳು ಬಂದ ಮೇಲೆ ಕಾಡಿಗೆ ಮಾಡಿ ಪಳಗಿದ ಅಜ್ಜಿ, "ಬತ್ತಿಗೆ ಅಷ್ಟು ಹತ್ತಿರ ಹಿಡಿಯಬೇಡ ಮಗಾ, ಜಿಡ್ಡು ಕೂರ್‍ತದೆ" ಎಂದರು. ಅವರು ಹೇಳಿದ್ದು ನಿಜವಾಗಿತ್ತು: ಹತ್ತಿರ ಹಿಡಿದ ತಟ್ಟೆಯ ಮೇಲೆ ಕಂದುಬಣ್ಣದ ಪೊರೆ ಕೂರುತ್ತಿತ್ತು, ನಾಲ್ಕು ಬೆರಳು ಮೇಲಕ್ಕೆ ಹಿಡಿದರೆ ಒಣ ಕರಿ ಮಾತ್ರ ಸಿಗುತ್ತಿತ್ತು. ಮಳೆಗಾಲದ ಆಟಿ ತಿಂಗಳ ತೇವದಿಂದ ಕಾಪಾಡಲು ತಟ್ಟೆಗಳನ್ನು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಇಟ್ಟೆ.

ಯಾವ ತರಂಗಾಂತರದ ಬೆಳಕು ಎಷ್ಟು ತಡೆಯಲ್ಪಡುತ್ತದೆಂದು ಅಳೆಯುವ ರೋಹಿತಮಾಪಕದಲ್ಲಿ ದಪ್ಪ ಲೇಪ ಏನನ್ನೂ ಹೇಳಲಿಲ್ಲ, ಎಲ್ಲ ತರಂಗಾಂತರಗಳಲ್ಲಿಯೂ ಬರೇ ಕತ್ತಲೆ. ಎರಡು ಸೆಕೆಂಡು ಮಾತ್ರ ಹೊಗೆಗೆ ಒಡ್ಡಿದ, ಆಚೆಯ ಅಕ್ಷರ ಓದಬಹುದಾದಷ್ಟು ತೆಳು ಲೇಪದಲ್ಲಿ ಅಗಲವಾದ ಉಬ್ಬೊಂದು ಎದ್ದಿತು. ಆದರೆ ಅದರ ನೆತ್ತಿ ಇದ್ದದ್ದು 250ರ ಆಸುಪಾಸಿನಲ್ಲಿ. ಉಪಕರಣದ ದೋಷವಿರಬಹುದೆಂದು ಮೂರು ಸಲ ಅಳೆದೆ, ನೆತ್ತಿ ಕದಲಲಿಲ್ಲ.

ಕಾರಣ ಕಣಗಳ ಕೂಟದಲ್ಲಿದೆ. ಜ್ವಾಲೆಯಲ್ಲಿ ಹುಟ್ಟಿದ ಕಣಗಳು ತಟ್ಟೆ ತಲಪುವ ಮೊದಲೇ ಒಂದಕ್ಕೊಂದು ಅಂಟಿ ಸರಪಳಿಯಾಗುತ್ತವೆ, ಆಗ ಪಕ್ಕದ ಕಣಗಳ ಪರಸ್ಪರ ಪ್ರಭಾವದಿಂದ ಉಬ್ಬು ಹರಡಿ ಜಾಗ ಬದಲಿಸುತ್ತದೆ. ಅಷ್ಟೇ ಅಲ್ಲ, ಗೊಂಚಲು ಚದುರಿಸಿದ ಬೆಳಕನ್ನೂ ಮಾಪಕ ಹೀರಿಕೆಯೆಂದೇ ಲೆಕ್ಕ ಹಾಕುತ್ತದೆ. ಕಣದ ಒಳರಚನೆಯೂ ಮುಖ್ಯ: 1998ರಲ್ಲಿ ವಿಟೊ ಮೆನ್ನೆಲ್ಲಾ ಮತ್ತು ಸಂಗಡಿಗರು ಹೈಡ್ರೋಜನ್ ಬೆರೆತ ಇಂಗಾಲದ ಕಣಗಳಿಗೆ ನೇರಳಾತೀತ ಬೆಳಕನ್ನು ಹಾಯಿಸಿ, ಆಕಾಶದ ಉಬ್ಬನ್ನು ಹೋಲುವ ಉಬ್ಬು ಮೂಡುವುದನ್ನು ತೋರಿಸಿದ್ದಾರೆ. ಆದ್ದರಿಂದ ನನ್ನ ವರದಿಯಲ್ಲಿ 250ನ್ನು 217.5ರ ಹತ್ತಿರಕ್ಕೆ ಎಳೆದು ತರಲಿಲ್ಲ. ಪ್ರತಿ ತಟ್ಟೆಯ ಲೇಪಕಾಲವನ್ನೂ ದೀಪದಿಂದ ಹಿಡಿದ ಎತ್ತರವನ್ನೂ ನಕ್ಷೆಯ ಪಕ್ಕದಲ್ಲಿಯೇ ಬರೆದಿಟ್ಟೆ.