ಎದುರು ಪಕ್ಷದವರ ಮೇಲೆ ಗುಂಡು ಹಾರಿದಾಗ ಕ್ರೈಸ್ತರು ಏನು ಮಾಡಬೇಕು?

ರಾಜಕೀಯ ನಾಯಕನೊಬ್ಬನ ಕೊಲೆಯ ಸುದ್ದಿ ಬಂತು ಅಂದ್ಕೊಳ್ಳಿ. ಮೊದಲು ಫೋನ್ ಪಕ್ಕಕ್ಕಿಡಿ. ಕೊಂದವನು ಯಾರ ಕಡೆಯವನು ಅಂತ ಆಗಿನ್ನೂ ಯಾರಿಗೂ ಸರಿಯಾಗಿ ಗೊತ್ತಿರುವುದಿಲ್ಲ, ಆದರೂ ಫಾರ್ವರ್ಡ್‌ಗಳು ಮಾತ್ರ ಬರ್ತಾನೇ ಇರುತ್ತವೆ. ಸತ್ತವರು ನಿಮಗೆ ಆಗದವರಾಗಿದ್ದರೆ ಇನ್ನೂ ಹುಷಾರು. 'ಮಾಡಿದ್ದುಣ್ಣೋ ಮಹಾರಾಯ' ಅಂತ ಸ್ಟೇಟಸ್ ಹಾಕೋಕೆ ಕೈ ತುರಿಸುತ್ತೆ. ಹಾಕಬೇಡಿ.

ನಿಮ್ಮ ಗುಂಪಿನಲ್ಲೇ ಯಾರಾದರೂ ಹಾಗೆ ಬರೆದರೆ ಸುಮ್ನೆ ಇರಬೇಡಿ. ಸಮಾರ್ಯದ ಹಳ್ಳಿಯವರು ಇಳಿದುಕೊಳ್ಳಲು ಜಾಗ ಕೊಡಲಿಲ್ಲ ಅಂತ ಯಾಕೋಬ, ಯೋಹಾನ ಇಬ್ಬರೂ ಆಕಾಶದಿಂದ ಬೆಂಕಿ ಸುರಿಸೋಣವೇ ಅಂತ ಕೇಳಿದ್ದರಲ್ವಾ (ಲೂಕ 9)? ಯೇಸು ಗದರಿಸಿದ್ದು ಆ ಶಿಷ್ಯರನ್ನೇ.

ಸತ್ತವರು ನಿಮ್ಮವರೇ ಆಗಿದ್ದರೆ? ಸಿಟ್ಟು ಬಂದೇ ಬರುತ್ತೆ. ನುಂಗಿಕೊಂಡು ನಗುಮುಖ ತೋರಿಸಬೇಕಿಲ್ಲ. 109ನೇ ಕೀರ್ತನೆಯನ್ನು ಗಟ್ಟಿಯಾಗಿ ಓದಿ. ಶತ್ರುವಿನ ಮಕ್ಕಳು ಅನಾಥರಾಗಲಿ ಅನ್ನುವಷ್ಟು ಕೋಪ ಅದರಲ್ಲಿದೆ. ಅದನ್ನೆಲ್ಲ ದೇವರ ಮುಂದೆ ಸುರಿದುಬಿಡಿ, ಬೀದಿಗೆ ತರಬೇಡಿ. ಆಮೇಲೆ ಕೊಂದವನ ಹೆಸರು ಹಿಡಿದು ಪ್ರಾರ್ಥಿಸಿ. ಒಂದೇ ಸಾಲು ಸಾಕು. ಶತ್ರುಗಳನ್ನು ಪ್ರೀತಿಸಿ, ಹಿಂಸಿಸುವವರಿಗಾಗಿ ಪ್ರಾರ್ಥಿಸಿ ಅನ್ನುತ್ತೆ ಮತ್ತಾಯ 5:44. ಪ್ರಾರ್ಥಿಸೋಕೆ ಅವನ ಮೇಲೆ ಅಕ್ಕರೆ ಉಕ್ಕುವವರೆಗೆ ಕಾಯಬೇಕಿಲ್ಲ.

ಶತ್ರುವನ್ನು ಪ್ರೀತಿಸುವುದು ಅಂದರೆ ಕೇಸು ಬಿಟ್ಟುಬಿಡುವುದು ಅಂತ ಜಾಸ್ತಿ ಜನ ತಿಳಿದಿದ್ದಾರೆ. 1956ರ ಜನವರಿ 30ರ ರಾತ್ರಿ ಅಮೆರಿಕದ ಮಾಂಟ್ಗೊಮರಿಯಲ್ಲಿ ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಪಾಸ್ಟರ್ ಮಾರ್ಟಿನ್ ಲೂಥರ್ ಕಿಂಗ್ ಮನೆಗೆ ಬಾಂಬ್ ಬಿತ್ತು. ಒಳಗೆ ಹೆಂಡತಿ, ಎಳೆ ಮಗು. ಅದೃಷ್ಟಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಸೇಡಿಗೆಂದು ಕೈಯಲ್ಲಿ ಆಯುಧ ಹಿಡಿದವರೂ ಸೇರಿದ್ದ ಸಿಟ್ಟಿನ ಗುಂಪಿಗೆ ಕಿಂಗ್ ಮನೆ ಮುಂದೆ ನಿಂತು, ಶತ್ರುಗಳನ್ನು ಪ್ರೀತಿಸಬೇಕು, ಮನೆಗೆ ಹೋಗಿ ಎಂದರು. ಆದರೆ ವರ್ಣಭೇದ ಮಾಡುವ ಬಸ್‌ಗಳನ್ನು ಹತ್ತುವುದಿಲ್ಲ ಅಂತ ಅವರು ನಡೆಸುತ್ತಿದ್ದ ಬಹಿಷ್ಕಾರ ನಿಲ್ಲಲಿಲ್ಲ. ಎರಡೇ ದಿನಕ್ಕೆ ಆ ವರ್ಣಭೇದದ ವಿರುದ್ಧ ಕೋರ್ಟಿನಲ್ಲಿ ದಾವೆಯೂ ಬಿತ್ತು. ಆದ್ದರಿಂದ ಕಂಡದ್ದಕ್ಕೆ ಸಾಕ್ಷಿ ಹೇಳಿ, ದೂರು ಕೊಡಿ. ಅಪೊಸ್ತಲ ಪೌಲನೂ ರೋಮಿನ ಚಕ್ರವರ್ತಿ ಕೈಸರನಿಗೆ ಮೇಲ್ಮನವಿ ಹಾಕಿದವನೇ.

ಒಂದು ಮಾತು ಮಾತ್ರ ಆಡಲೇಬೇಡಿ: ಸಾವಿನ ಮನೆಗೆ ಹೋಗಿ 'ಕ್ಷಮಿಸಿಬಿಡಿ' ಅನ್ನುವುದು. ಕಳೆದುಕೊಂಡವರು ಅವರು, ನೀವಲ್ಲ. ಊಟ ತೆಗೆದುಕೊಂಡು ಹೋಗಿ, ಪಕ್ಕದಲ್ಲಿ ಕೂತುಕೊಳ್ಳಿ.

ಭಾನುವಾರದ ಆರಾಧನೆಯಲ್ಲಿ ಎರಡೂ ಕಡೆ ಸತ್ತವರ ಹೆಸರು ಹೇಳಿ ಪ್ರಾರ್ಥಿಸುತ್ತಾರಾ ಗಮನಿಸಿ. ಒಂದೇ ಕಡೆಯವರದ್ದು ಹೇಳಿದರೆ, ಆರಾಧನೆ ಮುಗಿದ ಮೇಲೆ ಪಾಸ್ಟರನ್ನು ಕಂಡು ಉಳಿದ ಹೆಸರುಗಳನ್ನು ಬರೆದು ಕೊಡಿ.