ಗುಜರಿ ಟಿವಿಯೊಳಗೆ ಮುಸ್ತಫಾ ಎದ್ದು ಬಂದ ಕಥೆ

ವಿಡಿಯೋ ಗೇಮ್ ಪೆಟ್ಟಿಗೆಯೊಳಗೆ ಎಲ್‌ಸಿಡಿ ಕೂರಿಸಿ, ಹಿಂದೆ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಸಿಕ್ಕಿಸಿ, 'ಎರಡು ಸಾವಿರ ಗೇಮ್ ಇದೆ' ಅಂತ ಮಾರುವವರ ಮೇಲೆ ನನಗೇನೂ ಸಿಟ್ಟಿಲ್ಲ. ಮುಂಬೈ ಪಕ್ಕದ ಠಾಣೆ ಊರಿನಲ್ಲಿರುವ ನನ್ನ ಗೆಳೆಯ ಅದನ್ನೇ ಮಾಡುತ್ತಾನೆ. ಕೆಫೆಗಳಿಗೆ ಕೊಟ್ಟು ಚೆನ್ನಾಗಿಯೇ ದುಡಿಯುತ್ತಾನೆ. ಆದರೆ ಎರಡು ವರ್ಷ ನನ್ನನ್ನು ನೋಡಿ ನಕ್ಕಿದ್ದೂ ಅವನೇ. ಹಳೇ ವಿಡಿಯೋ ಗೇಮ್ ಪಾರ್ಲರಿನ ಮಶೀನಿಗೆ ಆಟವಿರುವ ಹಳೇ ಸರ್ಕ್ಯೂಟ್ ಬೋರ್ಡನ್ನೇ ಹಾಕಿ, ಗುಜರಿ ಟಿವಿಯ ಪಿಕ್ಚರ್ ಟ್ಯೂಬಿನಲ್ಲೇ ಓಡಿಸುತ್ತೇನೆ ಅಂದಾಗ, 'ಟಿವಿ ಬೇರೆ, ಆರ್ಕೇಡ್ ಮಾನಿಟರ್ ಬೇರೆ. ಸುಮ್ನೆ ದುಡ್ಡು ಸುಡಬೇಡ' ಅಂದ. ಸುಟ್ಟಿದ್ದು ನಿಜ. ಅದನ್ನೂ ಹೇಳುತ್ತೇನೆ.

ಪೆಟ್ಟಿಗೆ ಸಿಕ್ಕಿದ್ದು ಉಲ್ಲಾಸನಗರದಲ್ಲಿ, ಮುಚ್ಚಿಹೋದ ಒಂದು ಪಾರ್ಲರಿನ ಹಿಂದೆ. ಮೂರು ಜಾಯ್‌ಸ್ಟಿಕ್ಕಿನ ದೊಡ್ಡ ಪೆಟ್ಟಿಗೆ. ಕೆಳಗಿನ ಒಂದಡಿ ಪ್ಲೈವುಡ್ ಮಳೆನೀರು ಕುಡಿದು ಹಪ್ಪಳದ ಹಾಗೆ ಬಿಚ್ಚಿಕೊಂಡಿತ್ತು. ಮಾನಿಟರ್ ಇಲ್ಲ, ಬೋರ್ಡ್ ಇಲ್ಲ, ಜಿರಳೆ ಮಾತ್ರ ಬೇಕಾದಷ್ಟು. 3,500ಕ್ಕೆ ಮುಗಿಸಿದೆ. ಡೊಂಬಿವಲಿಗೆ ತರಲು ಟೆಂಪೋದವನು 1,200 ಕಿತ್ತುಕೊಂಡ. ಮನೆಯವಳು ಬಾಗಿಲಲ್ಲೇ ನಿಂತು, 'ಇದು ಒಳಗೆ ಬಂದರೆ ನಾನು ಹೊರಗೆ' ಅಂದಳು. ಆರು ತಿಂಗಳು ಅದು ಸೊಸೈಟಿಯ ಮೀಟರ್ ರೂಮಿನಲ್ಲೇ ಇತ್ತು.

ಬೋರ್ಡ್ ಹುಡುಕಲು ಮುಂಬೈಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿಗೆ ಎಷ್ಟು ಸಲ ಹೋದೆನೋ ಲೆಕ್ಕವಿಲ್ಲ. ಅಲ್ಲಿ ಬಿಡಿಭಾಗ ಸಿಕ್ಕೀತು, ಗೇಮ್ ಬೋರ್ಡ್ ಈಗ ಸಿಗಲ್ಲ. ಕೊನೆಗೆ ಹಳೇ ಸಾಮಾನು ಮಾರುವ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಎರಡು ಸಿಕ್ಕವು. ಶುಕ್ರವಾರ ಹೋಗಬೇಡಿ, ಅವತ್ತು ರಜೆ. ನಾನು ಹೋಗಿ ಪೆಚ್ಚುಮೋರೆ ಹಾಕಿಕೊಂಡು ವಾಪಸ್ ಬಂದಿದ್ದೇನೆ.

ಮೊದಲನೇ ಬೋರ್ಡ್ 3,000. ಅದನ್ನು ನಾನೇ ಕೊಂದೆ. ಗುಜರಿಯಿಂದ 150 ರೂಪಾಯಿಗೆ ತಂದ 20 ಇಂಚಿನ ಟಿವಿಗೆ ಬೋರ್ಡಿನ ಗ್ರೌಂಡ್ ಸೇರಿಸಿದ್ದೇ ತಡ, ಫಟ್ ಅಂತ ಶಬ್ದ, ಹೊಗೆ, ಕತ್ತಲು. ಆ ಟಿವಿಯ ಚಾಸಿಗೆ, ಅಂದರೆ ಒಳಗಿನ ಸರ್ಕ್ಯೂಟಿನ ಗ್ರೌಂಡಿಗೆ, ನೇರವಾಗಿ ಮೇನ್ಸ್ ಕರೆಂಟು ಬರುತ್ತಿತ್ತು! ಮೂವತ್ತು ವರ್ಷ ಟಿವಿ ರಿಪೇರಿ ಮಾಡಿದವನು ಟೆಸ್ಟರ್ ಕೂಡ ಇಟ್ಟು ನೋಡಲಿಲ್ಲ. ಗೆಳೆಯನಿಗೆ ಈ ವಿಷಯ ಇವತ್ತಿಗೂ ಹೇಳಿಲ್ಲ. ಆಮೇಲೆ ನಾಲ್ಕು ಟಿವಿ ಬಿಚ್ಚಿ, ಪವರ್ ಸಪ್ಲೈಯಲ್ಲಿ ಆಪ್ಟೋಕಪ್ಲರ್ (ತಂತಿಯ ಬದಲು ಬೆಳಕಿನಲ್ಲಿ ಸಂಕೇತ ದಾಟಿಸುವ ಬಿಡಿಭಾಗ) ಇದ್ದು ಚಾಸಿ ಮೇನ್ಸಿನಿಂದ ಪೂರ್ತಿ ಬೇರೆಯಾಗಿರುವ ಒಂದನ್ನು ಆರಿಸಿಕೊಂಡೆ. ಅದನ್ನು ಕುರ್ಲಾದಿಂದ ಲೋಕಲ್‌ನ ಲಗೇಜ್ ಡಬ್ಬಾದಲ್ಲಿ ತಂದೆ. ಮೀನಿನ ಬುಟ್ಟಿಗಳ ನಡುವೆ ಕೂತು ಬಂತು, ವಾಸನೆ ಹೋಗಲು ಒಂದು ವಾರ ಬೇಕಾಯಿತು.

ಎರಡನೇ ಬೋರ್ಡ್ 4,500. ಮುಸ್ತಫಾ! 1993ರ ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್, ಆದರೆ ನಮ್ಮ ಕಡೆ ಆ ಹೆಸರು ಯಾರು ಹೇಳುತ್ತಾರೆ? ಹಳದಿ ಟೋಪಿಯವನ ಹೆಸರೇ ಆಟದ ಹೆಸರಾಯಿತು. ನನ್ನದು ನಕಲಿ ಬೋರ್ಡ್. ನಾಚಿಕೆಯೇನಿಲ್ಲ. ಆಟ ಮಾಡಿದ ಕ್ಯಾಪ್‌ಕಾಮ್ ಕಂಪನಿಯ ಅಸಲಿಯಲ್ಲಿ ಒಂದು ಬ್ಯಾಟರಿ ಇರುತ್ತದೆ, ಅದು ಸತ್ತರೆ ಒಳಗಿನ ಗುಟ್ಟಿನ ಕೋಡು ಅಳಿಸಿಹೋಗಿ ಆಟವೂ ಮಲಗುತ್ತದೆ. ನನ್ನದರಲ್ಲಿ ಬ್ಯಾಟರಿಯೇ ಇಲ್ಲ. ಸದ್ದು ಸ್ವಲ್ಪ ಕರಕರ ಅನ್ನುತ್ತದೆ, ಅಷ್ಟೇ.

ಟಿವಿಗೂ ಬೋರ್ಡಿಗೂ ಚಿತ್ರ ಬಿಡಿಸುವ ಅಡ್ಡಗೆರೆಯ ವೇಗ ಹೆಚ್ಚುಕಮ್ಮಿ ಒಂದೇ, ಸುಮಾರು 15.6 ಕಿಲೋಹರ್ಟ್ಸ್. ಗೆಳೆಯ ಮರೆತಿದ್ದು ಇದನ್ನೇ. ಟಿವಿಯ ವಾಲ್ಯೂಮ್ ಪಟ್ಟಿ, ಚಾನೆಲ್ ನಂಬರು ಬರುತ್ತವಲ್ಲ, ಅದಕ್ಕೆ ಮುಖ್ಯ ಐಸಿಗೆ (ಚಿಪ್ಪಿಗೆ) ಕೆಂಪು, ಹಸಿರು, ನೀಲಿ ಅಂತ ಬೇರೆಯೇ ದಾರಿ ಇರುತ್ತದೆ. ಆ ಮೂರು ಟ್ರ್ಯಾಕ್ ಕತ್ತರಿಸಿ, ಬೋರ್ಡಿನ ಬಣ್ಣಗಳನ್ನು 0.1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಮೂಲಕ ಅಲ್ಲಿಗೆ ಕೊಟ್ಟೆ. ಟಿವಿಯ ಚಿತ್ರ ಬಿಟ್ಟು ಈ ಬಣ್ಣಗಳನ್ನೇ ತೋರಿಸು ಅನ್ನುವ ಬ್ಲಾಂಕಿಂಗ್ ಪಿನ್ನಿಗೆ ಸದಾ ವೋಲ್ಟೇಜ್ ಇರುವ ಹಾಗೆ ಕಟ್ಟಿದೆ. ಗೆರೆ ಯಾವಾಗ ಶುರುವಾಗಬೇಕು ಅಂತ ಹೇಳುವ ಸಿಂಕ್ ಸಂಕೇತವನ್ನು ವಿಡಿಯೋ ಇನ್‌ಪುಟ್‌ಗೆ ಕೊಟ್ಟೆ.

ಬಂದಿದ್ದು ಚಿತ್ರವಲ್ಲ, ಕಲಸಿದ ಕುಂಕುಮ. ಕೆಂಪು ಬಲಕ್ಕೆ ಸೋರುತ್ತಿತ್ತು, ಮೇಲ್ಭಾಗ ಹರಿದ ಬಟ್ಟೆಯ ಹಾಗೆ ವಾಲುತ್ತಿತ್ತು. ಬೋರ್ಡ್ ಕೆಟ್ಟಿದೆಯೋ ಟಿವಿ ಕೆಟ್ಟಿದೆಯೋ ಗೊತ್ತಾಗಲ್ಲ. ಬೋರ್ಡ್ ನೋಡಲು ಒಳ್ಳೇ ಮಾನಿಟರ್ ಬೇಕು, ಮಾನಿಟರ್ ನೋಡಲು ಒಳ್ಳೇ ಬೋರ್ಡ್ ಬೇಕು. ಹುಚ್ಚು ಬಿಡದೆ ಮದುವೆಯಿಲ್ಲ, ಮದುವೆಯಾಗದೆ ಹುಚ್ಚು ಬಿಡಲ್ಲ. ಮೂರು ವಾರ ಹೀಗೇ ಹೋಯಿತು. ಟಿವಿ ಐಸಿ ಕೇಳುವುದು 0.7 ವೋಲ್ಟ್, ಬೋರ್ಡ್ ಕೊಡುವುದು ಅದಕ್ಕಿಂತ ಎಷ್ಟೋ ಜಾಸ್ತಿ. ಮೂರು ಬಣ್ಣಕ್ಕೂ ಒಂದೊಂದು ಪ್ರೀಸೆಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್) ಹಾಕಿ ತಗ್ಗಿಸಿದ ಮೇಲೆ ಮುಸ್ತಫಾನ ಮುಖಕ್ಕೆ ಚರ್ಮದ ಬಣ್ಣ ಬಂತು. ಸಿಂಕಿನ ವಾಲಾಟ ನಿಲ್ಲಿಸಿದ್ದು ಒಂದು ರೆಸಿಸ್ಟರ್, ಒಂದು ಕೆಪ್ಯಾಸಿಟರ್. ಅವುಗಳ ಬೆಲೆ ಎರಡು ರೂಪಾಯಿ. ವ್ಯಾಲ್ಯೂ ಮಾತ್ರ ಹೇಳಲ್ಲ. ನಾನು ಮೂರು ವಾರ ಕೂತಿದ್ದೇನೆ, ನೀವೂ ಮೂರು ದಿನ ಕೂರಿ.

ಬೋರ್ಡನ್ನು ಪೆಟ್ಟಿಗೆಯ ವಯರಿಗೆ ಸೇರಿಸುವ ಜಮ್ಮಾ ಕನೆಕ್ಟರಿಗೆ 56 ಪಿನ್. ತಲೆಕೆಳಗಾಗಿ ಸಿಕ್ಕಿಸಬೇಡಿ ಅಂತ ಮಾತ್ರ ಹೇಳುತ್ತೇನೆ. ಕಷ್ಟ ಇದ್ದದ್ದು ಮೂರನೇ ಆಟಗಾರನದು. ಜಮ್ಮಾದಲ್ಲಿ ಅವನಿಗೆ ಜಾಗವಿಲ್ಲ, ಬೋರ್ಡಿನ ಅಂಚಿನ ಇನ್ನೊಂದು ಚಿಕ್ಕ ಕನೆಕ್ಟರಿಗೆ ಹೋಗಬೇಕು. ನಕಲಿಗೆ ನಕ್ಷೆ ಎಲ್ಲಿಂದ ತರೋಣ? ಆಟ ಓಡಿಸಿ, ಗ್ರೌಂಡಿಗೆ ಕಟ್ಟಿದ 1 ಕಿಲೋ ಓಮ್ ರೆಸಿಸ್ಟರಿನ ತುದಿಯನ್ನು ಒಂದೊಂದೇ ಪಿನ್ನಿಗೆ ಮುಟ್ಟಿಸುತ್ತಾ ಹೋದೆ. ಮಗಳು ಪರದೆಯ ಮುಂದೆ ಕೂತು 'ಎಡ', 'ಹಾರಿದ', 'ಹೊಡೆದ' ಅಂತ ಕೂಗಿದಳು, ನಾನು ಬರೆದುಕೊಂಡೆ. ಒಂದೇ ಸಂಜೆಯಲ್ಲಿ ಮುಗಿಯಿತು.

ಮಧ್ಯೆ ಒಂದು ಅಡ್ಡದಾರಿ ಹಿಡಿದೆ. ಕಪಾಟಿನಲ್ಲಿ 9999 ಇನ್ 1 ಕ್ಯಾಸೆಟ್ಟಿನ ಹಳೇ ಟಿವಿ ಗೇಮ್ ಇತ್ತು, ಬಾತುಕೋಳಿ ಹೊಡೆಯುವ ಪಿಸ್ತೂಲಿನ ಸಮೇತ. ಎಲ್‌ಸಿಡಿಗೆ ಗುಂಡು ತಾಗಲೇ ಇಲ್ಲ. ಟ್ಯೂಬಿಗೆ ಮೊದಲ ಏಟಿಗೇ ಕೋಳಿ ಬಿತ್ತು. ಟ್ರಿಗರ್ ಒತ್ತಿದಾಗ ಪರದೆ ಒಂದು ಕ್ಷಣ ಕಪ್ಪಾಗಿ, ಕೋಳಿಯ ಜಾಗದಲ್ಲಿ ಬಿಳಿ ಚೌಕ ಬರುತ್ತದೆ. ಪಿಸ್ತೂಲು ನೋಡುವುದು ಆ ಬೆಳಕನ್ನು. ಎಲ್‌ಸಿಡಿ ಅದನ್ನು ತಡವಾಗಿ ತೋರಿಸುತ್ತದೆ. ಠಾಣೆಯವನ ಬಾಯಿ ಮುಚ್ಚಿಸಲು ಇದೊಂದೇ ಸಾಕಿತ್ತು.

ನವೆಂಬರಿನಲ್ಲಿ ನಮ್ಮ ಕನ್ನಡದವರ ರಾಜ್ಯೋತ್ಸವಕ್ಕೆ ಹಾಲ್‌ನ ಮೂಲೆಯಲ್ಲಿ ಮುಸ್ತಫಾನ ಪೆಟ್ಟಿಗೆ, ಪಿಸ್ತೂಲಿನ ಟಿವಿ ಗೇಮ್ ಎರಡನ್ನೂ ಇಟ್ಟೆ. ಬ್ಯಾನರಿನಲ್ಲಿ 'ವಿಡಿಯೋ ಗೇಮ್ ಮ್ಯೂಸಿಯಂ' ಅಂತ ಬರೆಸಿದೆ. ಬರ್ಲಿನ್‌ನಲ್ಲಿ 1997ರಲ್ಲೇ ಅಂಥದ್ದು ತೆರೆದಿತ್ತು, ನಮ್ಮದು ಒಂದು ದಿನದ್ದು, ಎರಡು ಮಶೀನಿನದು. ಗೋಡೆಗೆ ಕಾಗದ ಅಂಟಿಸಿದ್ದೆ: 1972 ಪಾಂಗ್, 1978 ಸ್ಪೇಸ್ ಇನ್ವೇಡರ್ಸ್, 1980 ಪ್ಯಾಕ್‌ಮ್ಯಾನ್. ಒಬ್ಬರೂ ಓದಲಿಲ್ಲ. ಎಲ್ಲರಿಗೂ ಆಡಬೇಕಿತ್ತು. ಹಗ್ಗ ಕಟ್ಟಿ ದೂರ ನಿಲ್ಲಿಸುವ ಮ್ಯೂಸಿಯಂ ನನಗೂ ಬೇಡ.

ತೊಂದರೆ ಬಂದಿದ್ದು ನಾಣ್ಯದಿಂದ. ಕಾಯಿನ್ ಬಾಕ್ಸ್ ಹಳೇ 25 ಮಿಲಿಮೀಟರಿನ ಒಂದು ರೂಪಾಯಿಗೆ ಹೊಂದಿಸಿದ್ದು. ಮಕ್ಕಳ ಕೈಯಲ್ಲಿದ್ದ 2011ರ ನಂತರದ ರೂಪಾಯಿ ಸುಮಾರು 22 ಮಿಲಿಮೀಟರ್ ಅಥವಾ ಅದಕ್ಕಿಂತ ಚಿಕ್ಕದು, ಹಾಕಿದ ಹಾಗೇ ಉದುರಿ ವಾಪಸ್ ಬರುತ್ತಿತ್ತು. ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುವ ಹಿರಿಯರೊಬ್ಬರು ಮನೆಗೆ ಹೋಗಿ ಡಬ್ಬಿ ತುಂಬಾ ಹಳೇ ರೂಪಾಯಿ ತಂದರು. ತಂದವರು ಮೊದಲು ತಾವೇ ಹಾಕಿದರು. ಊಟಕ್ಕೆ ಕರೆದರೂ ಏಳಲಿಲ್ಲ. ಕೊನೆಯ ಬಾಸ್ ತನಕ ಹೋದರು, ಮುಸ್ತಫಾನ ಓಡಿ ಬಂದು ಒದೆಯುವ ಆಟ ಕೈ ಮರೆತಿರಲಿಲ್ಲ.

ಒಟ್ಟು ಖರ್ಚು ಸುಟ್ಟಿದ್ದೂ ಸೇರಿ ಹದಿನಾರು ಸಾವಿರದ ಹತ್ತಿರ. ಗೆಳೆಯನ ಒಂದು ಪೆಟ್ಟಿಗೆಗೆ ಮೂವತ್ತೈದು ಸಾವಿರದ ಮೇಲೆ. ಅವನೂ ಅವತ್ತು ಬಂದಿದ್ದ. ಪಿಸ್ತೂಲು ಹಿಡಿದು ಅರ್ಧ ಗಂಟೆ ಕೋಳಿ ಹೊಡೆದ. ಹೋಗುವಾಗ ಪೆಟ್ಟಿಗೆಯ ಹಿಂದೆ ಬಗ್ಗಿ, ಮೊಬೈಲ್ ಟಾರ್ಚ್ ಹಾಕಿ ಸಿಂಕ್ ವಯರ್ ಹುಡುಕಿದ. ಆ ರೆಸಿಸ್ಟರಿಗೆ ಬೆಳಗ್ಗೆಯೇ ಕಪ್ಪು ಟೇಪ್ ಸುತ್ತಿಟ್ಟಿದ್ದೆ.