ನಾಲ್ಕೂವರೆ ಗಂಟೆಯ ಸಿಗರೇಟು

14 ವರ್ಷದ ಚಟ. 4 ಸಲ ಬಿಟ್ಟಿದ್ದೆ, 4 ಸಲವೂ ಎಡವಿದ್ದು ಒಂದೇ ಜಾಗದಲ್ಲಿ: ಸಂಜೆ ನಾಲ್ಕೂವರೆ, ಆಫೀಸ್ ಎದುರಿನ ಟೀ ಅಂಗಡಿ. ಒಂದು ಕೈಗೆ ಟೀ ಲೋಟ ಬಂದರೆ ಇನ್ನೊಂದು ಕೈ ತಾನಾಗಿಯೇ ಜೇಬಿಗೆ ಹೋಗುತ್ತಿತ್ತು.

ಈ ಸಲ ಮೊದಲು ಟೀ ಬಿಟ್ಟೆ. ಆ ಹೊತ್ತಿಗೆ ಮಜ್ಜಿಗೆ, ಜೇಬಲ್ಲಿ ಲವಂಗ. ಮೊದಲ 3 ದಿನ ಸಾಕುಸಾಕಾಯಿತು, ಹೆಂಡತಿ ಮೇಲೆ ಸುಮ್ನೆ ರೇಗಿದೆ. ತಂಬಾಕು ಬಿಡಿಸುವ ಸರ್ಕಾರಿ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡಿದೆ. ದುಡ್ಡು ಬೀಳಲ್ಲ, ಕನ್ನಡದಲ್ಲೇ ಮಾತಾಡಿದರು. ಸೇದಬೇಕೆನ್ನುವ ಆಸೆ ಕೆಲವೇ ನಿಮಿಷ ಇರುತ್ತೆ, ಅಷ್ಟು ಹೊತ್ತು ದಾಟಿಸಿ ಅಂದರು.

ದಾಟಿಸಿದ್ದು ನನ್ನ ಜೊತೆಗೇ ಬಿಟ್ಟ ಸಹೋದ್ಯೋಗಿ. ಆಸೆ ಬಂದಾಗ ವಾಟ್ಸಾಪ್‌ನಲ್ಲಿ ‘ಬಾ’ ಅಂತ ಒಂದೇ ಅಕ್ಷರ. ಇಬ್ಬರೂ 6 ಮಹಡಿ ಇಳಿದು ಹತ್ತುತ್ತಿದ್ದೆವು. ಮೊದಲ ವಾರ ಮೂರನೇ ಮಹಡಿಗೇ ಏದುಸಿರು. ಕಂಬಿ ಹಿಡಿದು ನಿಂತು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದೆವು.

ಬಾಯಿ ಚಪಲಕ್ಕೆ ಕುರುಕಲು ತಿಂದು 4 ಕೆಜಿ ಏರಿದೆ. ಈಗ ಡಬ್ಬಿಯಲ್ಲಿ ಸೌತೆಕಾಯಿ, ಕ್ಯಾರೆಟ್.

ಒಂದು ಮದುವೆಯಲ್ಲಿ ಜಾರಿದೆ, ಒಂದು ಸೇದಿಬಿಟ್ಟೆ. ನಾಚಿಕೆಯಿಂದ ಆ ಸಹೋದ್ಯೋಗಿಗೆ ಹೇಳಿದರೆ ಅವನು ಬೈಯಲಿಲ್ಲ. “ಪ್ಯಾಕ್ ಕೊಂಡಿಲ್ಲ ಅಲ್ವಾ? ನಾಳೆ ಮೆಟ್ಟಿಲಿಗೆ ಬಾ” ಅಂದ.

ಈಗ 11 ತಿಂಗಳು. ಟೀ ಮತ್ತೆ ಶುರುವಾಗಿದೆ, ಆದರೆ ಬೇರೆ ಅಂಗಡಿಯಲ್ಲಿ.